ಘಟ್ಟ ದಾಟುವ ಮುನ್ನ

ಪುಟ್ಟಿ,

ನಿನ್ನ ಲಾಗ್‌ಬುಕ್ಕಿನಲ್ಲಿ 200 ಗಂಟೆ ತುಂಬಿತು, ಕಮರ್ಷಿಯಲ್ ಲೈಸೆನ್ಸಿಗೆ ಇನ್ನು ಕಾಗದಪತ್ರದ ಕೆಲಸ ಮಾತ್ರ ಬಾಕಿ ಎಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಸಂತೋಷವಾಯಿತು. ಅದರ ಬೆನ್ನಿಗೇ ಇನ್ನೊಂದು ಮಾತೂ ಹೇಳಿದ. ಜಕ್ಕೂರಿನಿಂದ ಮಂಗಳೂರಿಗೆ ಸಣ್ಣ ವಿಮಾನ ಒಯ್ಯುವ ದಿನ ಬಂದರೆ ಆಲೂರು, ಸಕಲೇಶಪುರದ ಮೇಲೇ ಹಾಯ್ದು, ನಮ್ಮ ತೋಟದ ಮೇಲೆ ಒಂದು ಸುತ್ತು ಹಾಕಿ, ಅಜ್ಜಿಗೆ ಕೈಬೀಸಿ ಹೋಗುತ್ತೀಯಂತೆ. ಅಜ್ಜಿ ಆಗಲೇ ಊರಿಗೆಲ್ಲ ಹೇಳಿಬಿಟ್ಟಿದ್ದಾಳೆ. ಅದಕ್ಕೇ ಈ ಕಾಗದ.

ನಾನು ಪೈಲಟ್ ಅಲ್ಲ. ವಾಯುಪಡೆಯಲ್ಲಿ ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದವನು. ನಿವೃತ್ತಿಯಾದ ಮೇಲೆ ಈ ಮೂಲೆಯಲ್ಲಿ ಕಾಫಿ, ಮೆಣಸು, ಆನೆ ಕಾಟ ನೋಡಿಕೊಂಡಿರುವವನು. ಹಾರುವುದನ್ನು ನಿನಗೆ ಕಲಿಸುವ ಯೋಗ್ಯತೆ ನನಗಿಲ್ಲ, ಅದನ್ನು ನಿನ್ನ ಮೇಷ್ಟ್ರುಗಳು ಕಲಿಸಿದ್ದಾರೆ. ಆದರೆ ಎಂಜಿನ್ನಿನ ಸ್ವಭಾವ ಗೊತ್ತು, ಈ ಬೆಟ್ಟದ ಹವೆ ಗೊತ್ತು. ಹ್ಯಾಂಗರಿನ ಬಾಗಿಲಲ್ಲಿ ನಿಂತು ಹಾರಿ ಬಂದವರ ಮಾತನ್ನೂ ಸಾಕಷ್ಟು ಕೇಳಿದ್ದೇನೆ. ಇವೆಲ್ಲದರಿಂದ ನಿನಗೆ ಹೇಳಬೇಕು ಅನ್ನಿಸಿದ್ದು ಇಷ್ಟೇ: ಎಲ್ಲಿಂದ ಹಿಂದಕ್ಕೆ ತಿರುಗುತ್ತೀಯ ಎನ್ನುವುದನ್ನು ನೆಲದ ಮೇಲಿರುವಾಗಲೇ ಗೊತ್ತುಮಾಡಿಕೊ. ಮೇಲೆ ಹೋದ ಮೇಲೆ ಯೋಚಿಸೋಣ ಅಂದುಕೊಂಡರೆ ಯೋಚನೆಗೆ ಅಲ್ಲಿ ಹೊತ್ತಿರುವುದಿಲ್ಲ.

ಮೊದಲು ಬೆಟ್ಟದ ವಿಷಯ. ಹಿಮಾಲಯ ನೋಡಿಬಂದವರು ನಮ್ಮದನ್ನು ಗುಡ್ಡ ಎನ್ನುತ್ತಾರೆ, ಅನ್ನಲಿ. ಸಕಲೇಶಪುರ ಪೇಟೆಯೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಬಿಸಿಲೆ ಆಚೆಯ ಕುಮಾರ ಪರ್ವತ 1,712 ಮೀಟರ್, ಅಂದರೆ 5,600 ಅಡಿ. ನಿನ್ನ ಆಲ್ಟಿಮೀಟರ್ ಲೆಕ್ಕ ಹಾಕುವುದು ಸಮುದ್ರಮಟ್ಟದಿಂದ. ಅದು 4,000 ತೋರಿಸುತ್ತಿರುವಾಗ ದೋಣಿಗಾಲಿನ ಮೇಲೆ ನಿನ್ನ ಕಾಲಡಿ ಉಳಿದಿರುವುದು ಬರೀ ಸಾವಿರ ಅಡಿ, ಅದರಲ್ಲಿ ಸಿಲ್ವರ್ ಮರದ ಪಾಲೊಂದಿಷ್ಟು. ಪಡುವಣ ಮಗ್ಗುಲು ಇನ್ನೂ ಕಡಿದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಸುಮಾರು 55 ಕಿಲೋಮೀಟರ್ ರೈಲುದಾರಿ ಇಳಿಸಲು 57 ಸುರಂಗ ಕೊರೆಯಬೇಕಾಯಿತು ಎಂದರೆ ಈ ಘಟ್ಟ ಎಷ್ಟು ಬೇಗ ನೆಲ ಬಿಟ್ಟು ಏಳುತ್ತದೆ ಅಂದಾಜು ಮಾಡಿಕೊ. ಮಂಗಳೂರಿನಿಂದ ಹೊರಟವಳಿಗೆ ಗುಂಡ್ಯದವರೆಗೆ ಎಲ್ಲ ಸಲೀಸು. ಆಮೇಲೆ ನಿನ್ನ ವಿಮಾನ ಏರುವುದಕ್ಕಿಂತ ಬೇಗ ನೆಲ ಏರುತ್ತದೆ. ಕೆಂಪುಹೊಳೆಯ ಕಣಿವೆ ಅಗಲವಾಗಿ ಶುರುವಾಗಿ ಮೇಲೆ ಹೋದಂತೆ ಇಕ್ಕಟ್ಟಾಗುತ್ತದೆ. ತಿರುಗಬೇಕು ಅನ್ನಿಸಿದಾಗ ತಿರುಗಲು ಜಾಗವೇ ಇರುವುದಿಲ್ಲ. ಅದಕ್ಕೇ ಕಣಿವೆಯ ನಡುವೆ ಹಾರಬೇಡ, ಒಂದು ಮಗ್ಗುಲಿಗೆ ಹತ್ತಿಕೊಂಡು ಹೋಗು, ಇಡೀ ಅಗಲ ನಿನ್ನ ತಿರುವಿಗೆ ಸಿಗಲಿ. ಏಣನ್ನು ದಾಟುವಾಗ ನೇರ ನುಗ್ಗಬೇಡ, ಓರೆಯಾಗಿ, 45 ಡಿಗ್ರಿಯಲ್ಲಿ ಹತ್ತಿರ ಹೋಗು. ಆಗದು ಎಂದಾದರೆ ಅರ್ಧ ತಿರುವಿಗೇ ಕೆಳನೆಲದ ಕಡೆ ಮುಖವಾಗುತ್ತೀಯ. ಬೆಟ್ಟದ ಸೀಮೆಯಲ್ಲಿ ಸಣ್ಣ ವಿಮಾನ ಹಾರಿಸುವವರೆಲ್ಲ, ಅಲಾಸ್ಕದಿಂದ ನೇಪಾಳದವರೆಗೆ, ಪಾಲಿಸುವ ಪದ್ಧತಿ ಇದು.

ಗಾಳಿ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಅದನ್ನು ಮನಸ್ಸಿನಲ್ಲಿ ಚಿತ್ರ ಬರೆದುಕೊಳ್ಳಬೇಕು. ಮುಂಗಾರಿನ ಗಾಳಿ ಪಡುವಣದಿಂದ ಬಂದು ಶಿರಾಡಿ, ಬಿಸಿಲೆಯ ಮೈಗೆ ಬಡಿದು ಮೇಲಕ್ಕೆ ಏರುತ್ತದೆ. ನೆತ್ತಿ ದಾಟಿದ ಮೇಲೆ ನಮ್ಮ ಕಡೆ, ಅಂದರೆ ಮೂಡಣಕ್ಕೆ, ಕೆಳಗೆ ಸುರಿಯುತ್ತದೆ. ಬೆಂಗಳೂರಿನಿಂದ ಬರುವವಳಿಗೆ ಈ ಇಳಿಗಾಳಿ ಸಿಗುವುದು ಸರಿಯಾಗಿ ಏಣಿನ ಮುಂದೆ. ಎದುರು ಗಾಳಿಯಿಂದ ವೇಗ ಕುಗ್ಗಿರುತ್ತದೆ, ಕೆಳಗಿನ ನೆಲ ಏರುತ್ತಿರುತ್ತದೆ, ನೀನು ಮೂಗು ಎತ್ತಿ ಫುಲ್ ಪವರ್ ಕೊಟ್ಟರೂ ಮೀಟರ್ ಇಳಿಕೆಯನ್ನೇ ತೋರಿಸುತ್ತಿರುತ್ತದೆ. 110 ಕುದುರೆ ಶಕ್ತಿಯ ಸೆಸ್ನಾ 152 ಗಾಳಿಯ ಜೊತೆ ಜಗಳಕ್ಕೆ ನಿಲ್ಲುವ ಯಂತ್ರ ಅಲ್ಲ. ಏಪ್ರಿಲ್, ಮೇ ಬಿಸಿಲಿನಲ್ಲಿ ಗಾಳಿ ತೆಳ್ಳಗಾದಾಗ ಅದರ ಉಸಿರು ಇನ್ನೂ ಕಡಿಮೆ. ಏಣಿನ ಮೇಲೆ ಎರಡು ಸಾವಿರ ಅಡಿಯಾದರೂ ಬಿಟ್ಟುಕೊಂಡು ದಾಟು, ಆ ಎತ್ತರವನ್ನು ಹಾಸನ ಬಿಡುವ ಮೊದಲೇ ಗಳಿಸಿಕೊ. ಬೆಟ್ಟದ ಬುಡಕ್ಕೆ ಬಂದ ಮೇಲೆ ಏರುತ್ತೇನೆ ಎನ್ನುವುದು ಬೇಡ.

ಇನ್ನು ಮಂಜು. ಮಂಜರಾಬಾದ್ ಕೋಟೆಗೆ ಬರುವ ಪ್ರವಾಸಿಗರು ಫೋಟೊ ತೆಗೆಯಲು ಕಾಯುತ್ತಾರಲ್ಲ, ಆ ಮಂಜು. ನಮ್ಮ ಕಡೆ ಅದು ಮೇಲಿನಿಂದ ಇಳಿಯುವುದಕ್ಕಿಂತ ಹೆಚ್ಚಾಗಿ ಕಣಿವೆಯೊಳಗಿಂದ ಎದ್ದುಬರುತ್ತದೆ. ಈಗ ಎದುರಿಗಿದ್ದ ಗುಡ್ಡ ಒಂದು ಬೀಡಿ ಸೇದಿ ಮುಗಿಸುವುದರೊಳಗೆ ಇರುವುದಿಲ್ಲ. ಕೆಳಗೆ ಕರಾವಳಿಯಿಂದ ನೋಡಿದರೆ ಮೋಡದ ತಳ ಸಾಕಷ್ಟು ಎತ್ತರದಲ್ಲಿದೆ ಅನ್ನಿಸುತ್ತದೆ, ಆದರೆ ಘಟ್ಟದ ನೆತ್ತಿ ಅದೇ ಮೋಡದ ಒಳಗಿರುತ್ತದೆ. ಮಂಗಳೂರಿನಲ್ಲಿ ಹವೆ ಚೆನ್ನಾಗಿದೆ, ಮೈಸೂರಿನಲ್ಲಿ ಚೆನ್ನಾಗಿದೆ ಎಂಬ ಎರಡು ವರದಿ ನಿನ್ನ ಕೈಯಲ್ಲಿರಬಹುದು. ನಡುವಿನ ಮಾರನಹಳ್ಳಿಯ ವರದಿ ಯಾರೂ ಕೊಡುವುದಿಲ್ಲ. ಅಲ್ಲಿ ಹವಾಮಾನ ನೋಡುವ ಟವರ್ ಇಲ್ಲ. ಇರುವುದು ಚಹಾ ಅಂಗಡಿ. ತಮಾಷೆ ಅಲ್ಲ, ಹೊರಡುವ ಮೊದಲು ನನಗೆ ಫೋನ್ ಮಾಡು, ನಾನು ಅಲ್ಲಿಯ ಅಂಗಡಿಯವರಿಗೆ ಮಾಡುತ್ತೇನೆ.

ಮಂಜಿನೊಳಗೆ ಹೊಕ್ಕರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಡ. 2021ರ ಡಿಸೆಂಬರ್ 8ರಂದು ಸೂಲೂರಿನಿಂದ ವೆಲ್ಲಿಂಗ್ಟನ್ನಿಗೆ ಹೊರಟ ವಾಯುಪಡೆಯ ಎಂಐ-17ವಿ5 ಹೆಲಿಕಾಪ್ಟರ್ ನೀಲಗಿರಿಯ ಕೂನೂರಿನ ಬಳಿ ಬಿತ್ತು. ಜನರಲ್ ಬಿಪಿನ್ ರಾವತ್ ಸೇರಿ ಅದರಲ್ಲಿದ್ದ 14 ಮಂದಿಯಲ್ಲಿ 13 ಮಂದಿ ಅಂದೇ ಹೋದರು; ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಒಂದು ವಾರ ಹೋರಾಡಿ ತೀರಿಕೊಂಡರು. ಹೆಲಿಕಾಪ್ಟರ್ ಮಂಜಿನೊಳಗೆ ಸೇರಿಹೋಗುವ ಚಿತ್ರವನ್ನು ದೇಶವೆಲ್ಲ ನೋಡಿತು. ಯಂತ್ರದ ದೋಷವಲ್ಲ, ವಿಧ್ವಂಸಕ ಕೃತ್ಯವಲ್ಲ; ಕಣಿವೆಯಲ್ಲಿ ಹವೆ ಹಠಾತ್ತಾಗಿ ಬದಲಾಗಿ ಮೋಡ ಹೊಕ್ಕಿದ್ದರಿಂದ ಪೈಲಟ್‌ಗೆ ದಿಕ್ಕು ತಪ್ಪಿತು ಎಂದು ವಿಚಾರಣೆ ಹೇಳಿತು. ಯಂತ್ರ ಸರಿಯಾಗಿ ಓಡುತ್ತಿರುವಾಗಲೇ, ಹಾರಿಸುವವರ ಹತೋಟಿಯಲ್ಲಿ ಇರುವಾಗಲೇ ನೆಲಕ್ಕೆ ಬಡಿಯುವ ಈ ಬಗೆಯ ಅಪಘಾತ ಬೆಟ್ಟದ ಸೀಮೆಯಲ್ಲಿ ಹಳೆಯ ಕಥೆ. ಎಂಜಿನ್ ಕಡೆಯವನಾಗಿ ನನಗೆ ಇದರಲ್ಲಿ ಸ್ವಲ್ಪ ಪಕ್ಷಪಾತ ಇದೆ ಎಂದು ನೀನು ನಗಬಹುದು. ಏನೇ ಬಿದ್ದರೂ ಜನ ಮೊದಲು ಎಂಜಿನ್ನನ್ನೇ ಬೈಯುತ್ತಾರೆ.

2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರಿದ್ದ ಬೆಲ್ 430 ನಲ್ಲಮಲ ಕಾಡಿನಲ್ಲಿ ಬಿದ್ದದ್ದು ನಿನಗೆ ನೆನಪಿರಲಾರದು, ಚಿಕ್ಕವಳಿದ್ದೆ. ಎರಡು ಎಂಜಿನ್, ಇಬ್ಬರು ಪೈಲಟ್. ಮುಂದೆ ಗುಡುಗು ಮೋಡ ಕಟ್ಟಿತ್ತು. ಹಾಗಿರುವಾಗ ಒಂದು ಆಯಿಲ್ ಪ್ರೆಷರ್ ಎಚ್ಚರಿಕೆಗೆ ಏನು ಮಾಡಬೇಕೆಂಬ ಪುಟವನ್ನು ಹುಡುಕುವುದರಲ್ಲಿ ಕೊನೆಯ ನಿಮಿಷಗಳು ಹೋದವು ಎಂದು ತನಿಖಾ ಸಮಿತಿ ಬರೆದಿದೆ. ಕಾಕ್‌ಪಿಟ್ಟಿನಲ್ಲಿ ಒಂದು ದೀಪ ಹೊತ್ತಿದರೆ ಕಣ್ಣೆಲ್ಲ ಅದರ ಮೇಲೆ. ಆ ಹೊತ್ತಿಗೆ ಗುಡ್ಡ ಹತ್ತಿರ ಬಂದಿರುತ್ತದೆ. ದೀಪ ಉರಿಯಲಿ, ಮೊದಲು ವಿಮಾನ ಹಾರಿಸು.

ಮಂಜಿನಲ್ಲಿ ಮನುಷ್ಯನಿಗೆ ಏಕೆ ಹೀಗಾಗುತ್ತದೆ ಎಂಬುದು ಪುಸ್ತಕದಲ್ಲಿ ಓದಿದ್ದೀಯ, ಆದರೂ ಕೇಳು. ನಮ್ಮ ಕಿವಿಯೊಳಗೆ ಮೂರು ಅರೆವರ್ತುಲದ ನಾಳಗಳಿವೆ, ಅವುಗಳಲ್ಲಿ ದ್ರವವಿದೆ. ಬಿಂದಿಗೆಯನ್ನು ತಿರುಗಿಸುತ್ತ ಇದ್ದರೆ ಒಳಗಿನ ನೀರೂ ಸ್ವಲ್ಪ ಹೊತ್ತಿಗೆ ಬಿಂದಿಗೆಯ ಜೊತೆಯೇ ಸುತ್ತತೊಡಗುವ ಹಾಗೆ, ವಿಮಾನ ನಿಧಾನವಾಗಿ ಒಂದೇ ಕಡೆ ತಿರುಗುತ್ತಿದ್ದರೆ ಈ ದ್ರವವೂ ಹೊಂದಿಕೊಂಡುಬಿಡುತ್ತದೆ. ನೇರ ಹೋಗುತ್ತಿದ್ದೇನೆ ಎಂದು ಮೈ ಆಣೆ ಮಾಡಿ ಹೇಳುತ್ತದೆ. ವಿಮಾನ ಮಾತ್ರ ವಾಲಿ, ಸುತ್ತುತ್ತ, ಇಳಿಯುತ್ತಿರುತ್ತದೆ. ಇಳಿಯುವುದು ಕಂಡು ನೀನು ಕಡ್ಡಿ ಹಿಂದಕ್ಕೆ ಎಳೆದರೆ ಸುತ್ತು ಇನ್ನೂ ಬಿಗಿಯಾಗುತ್ತದೆ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಇದನ್ನು ಅಳೆದು ನೋಡಿದರು. ಮೀಟರ್ ನೋಡಿ ಹಾರಿಸುವ ತರಬೇತಿ ಇಲ್ಲದ 20 ಮಂದಿಗೆ ಹೊರಗಿನ ನೋಟ ಮರೆಮಾಡಿ ಹಾರಿಸಲು ಕೊಟ್ಟರು. ಸರಾಸರಿ 178 ಸೆಕೆಂಡಿನಲ್ಲಿ ಅಷ್ಟೂ ಮಂದಿ ಹತೋಟಿ ಕಳೆದುಕೊಂಡರು, ಒಬ್ಬ ಬರೀ 20 ಸೆಕೆಂಡಿನಲ್ಲಿ. ಮೂರು ನಿಮಿಷವೂ ಇಲ್ಲ. ಫ್ಲೈಯಿಂಗ್ ಸ್ಕೂಲುಗಳಲ್ಲಿ ಈ 178ರ ಲೆಕ್ಕ ಹೇಳಿ ಹೆದರಿಸುತ್ತಾರೆ. ಆದರೆ ಆ ಪ್ರಯೋಗದ ಉದ್ದೇಶ ಹೆದರಿಸುವುದಾಗಿರಲಿಲ್ಲ. ಅವರು ಹುಡುಕುತ್ತಿದ್ದದ್ದು, ಅಕಸ್ಮಾತ್ ಮೋಡ ಹೊಕ್ಕವನು 180 ಡಿಗ್ರಿ ತಿರುಗಿ ಹೊರಬರಲು ಸುಲಭದ ಉಪಾಯ ಏನು ಎಂದು. ಕೆಲವು ಗಂಟೆಗಳ ಪಾಠದ ಮೇಲೆ ಬಹುತೇಕ ಎಲ್ಲರೂ ಆ ತಿರುವನ್ನು ಕಲಿತರು. ಅಂದರೆ, ಹಿಂದಕ್ಕೆ ತಿರುಗುವುದು ಕಲಿತು ಬರುವ ವಿದ್ಯೆ. ನಿನ್ನ ಮೇಷ್ಟ್ರಿಗೆ ಹೇಳಿ, ಕಣ್ಣಿಗೆ ಹುಡ್ ಹಾಕಿಕೊಂಡು, ಮೀಟರ್ ಮಾತ್ರ ನೋಡಿ, ನಿಧಾನ ತಿರುವು ತೆಗೆದುಕೊಳ್ಳುವುದನ್ನು ಬೇಸರ ಬರುವಷ್ಟು ಮಾಡು. ಆದರೆ ಬೆಟ್ಟಗಳ ನಡುವೆ ಅದೇ ಉಪಾಯವೂ ನೆಚ್ಚಿಕೆಯದಲ್ಲ, ತಿರುಗುವ ಕಡೆಯೇ ಗುಡ್ಡ ಇರಬಹುದು. ಆದ್ದರಿಂದ ಮೋಡದ ಒಳಗಲ್ಲ, ಮೋಡ ಕಂಡಾಗಲೇ ತಿರುಗು.

ಈಗ ನಿನಗೆ ಒಬ್ಬ ಗಣಿತದವನ ಕಥೆ ಹೇಳಬೇಕು. ಅಬ್ರಹಾಂ ವಾಲ್ಡ್ ಎಂದು, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕ. ಎರಡನೇ ಮಹಾಯುದ್ಧದ ಕಾಲಕ್ಕೆ, ಬಾಂಬರ್ ವಿಮಾನಗಳಿಗೆ ಎಲ್ಲಿ ಹೆಚ್ಚಿನ ಕವಚ ಹೊದಿಸಬೇಕು ಎಂಬ ಪ್ರಶ್ನೆ ಇವರ ಮುಂದೆ ಬಂತು. ಯುದ್ಧದಿಂದ ಮರಳಿದ ವಿಮಾನಗಳ ರೆಕ್ಕೆ, ಮೈಯಲ್ಲಿ ಗುಂಡಿನ ತೂತು ಹೆಚ್ಚು, ಎಂಜಿನ್ನಿನಲ್ಲಿ ಕಡಿಮೆ. ತೂತು ಹೆಚ್ಚಿರುವ ಕಡೆ ಕವಚ ಹಾಕೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ವಾಲ್ಡ್ ಲೆಕ್ಕ ತಿರುವಿ ಹಾಕಿದರು: ನಾವು ನೋಡುತ್ತಿರುವುದು ಮರಳಿ ಬಂದವನ್ನು ಮಾತ್ರ. ಎಂಜಿನ್ನಿಗೆ ಗುಂಡು ಬಿದ್ದವು ಮರಳಲೇ ಇಲ್ಲ, ಆದ್ದರಿಂದ ತೂತು ಕಾಣದ ಕಡೆಗೇ ಕವಚ ಬೇಕು. ಜಗತ್ತಿನ ಕಾಲೇಜುಗಳಲ್ಲಿ ಇಂದಿಗೂ ಇದನ್ನು ಪಾಠ ಮಾಡುತ್ತಾರೆ. ಇದೇ ವಾಲ್ಡ್ ಉಪನ್ಯಾಸಕ್ಕೆಂದು ಭಾರತಕ್ಕೆ ಬಂದಿದ್ದಾಗ, 1950ರ ಡಿಸೆಂಬರ್ 13ರಂದು, ಅವರಿದ್ದ ಏರ್ ಇಂಡಿಯಾದ ಡಕೋಟಾ ವಿಮಾನ ನೀಲಗಿರಿಯಲ್ಲಿ ಕೋಟಗಿರಿ ಹತ್ತಿರದ ಬೆಟ್ಟಕ್ಕೆ ಬಡಿಯಿತು. ಒಳಗಿದ್ದ 21 ಮಂದಿಯೂ ಸತ್ತರು, ಅವರ ಹೆಂಡತಿಯೂ. ವಾಲ್ಡ್‌ಗೆ ಆಗ 48 ವರ್ಷ.

ಈ ಕಥೆ ಹೇಳಿದ್ದಕ್ಕೆ ಕಾರಣವಿದೆ. ಇನ್ನು ಮುಂದೆ ನಿನಗೆ ಸಿಗುವ ಸೀನಿಯರ್‌ಗಳು ಹೇಳುತ್ತಾರೆ: "ಆ ಘಾಟಿ ನಾನು ಎಷ್ಟು ಸಲ ದಾಟಿಲ್ಲ, ಸ್ವಲ್ಪ ಮಂಜಿತ್ತು, ರಸ್ತೆ ಹಿಡಿದು ಕೆಳಗೇ ಬಂದುಬಿಟ್ಟೆ." ಸುಳ್ಳಲ್ಲ, ದಾಟಿಯೇ ಇರುತ್ತಾರೆ. ನಾನೂ ಹ್ಯಾಂಗರಿನ ಬಾಗಿಲಲ್ಲಿ ಕೇಳಿದ್ದು ಇಂಥವೇ ಕಥೆ, ಹೇಳುವವರೆಲ್ಲ ಬದುಕಿ ಬಂದವರು. ಅದೇ ದಾರಿಯಲ್ಲಿ ಅದೇ ಧೈರ್ಯ ಮಾಡಿ ಬಾರದೆ ಹೋದವರ ಕಥೆ ತನಿಖಾ ವರದಿಗಳಲ್ಲಿದೆ, ಒಣ ಭಾಷೆಯಲ್ಲಿ, ಅಂಕಿ ಸಹಿತ. ಅವನ್ನು ಓದುವ ಅಭ್ಯಾಸ ಇಟ್ಟುಕೊ. ತಿಂಗಳಿಗೆ ಒಂದು ಓದಿದರೂ ನಿನ್ನ 200 ಗಂಟೆಗೆ ಅದು ದೊಡ್ಡ ಸೇರ್ಪಡೆ. ಹಾಗೆಯೇ, "ಹವೆ ಸರಿ ಇರಲಿಲ್ಲ, ವಾಪಸ್ ಬಂದೆ" ಎಂದು ಹೇಳುವ ಪೈಲಟ್ ಎಲ್ಲಾದರೂ ಸಿಕ್ಕಿದರೆ ಅವನ ಪಕ್ಕ ಕೂತು ಟೀ ಕುಡಿ. ಅಂಥವನ ಕಥೆಯಲ್ಲಿ ರೋಚಕತೆ ಇರುವುದಿಲ್ಲ, ಯಾರೂ ಕೇಳುವುದಿಲ್ಲ.

ತಿರುಗಲು ಬಿಡದಿರುವುದು ಗಾಳಿಯಲ್ಲ, ಮನುಷ್ಯರು. ಫ್ಲೈಟ್ ಪ್ಲಾನ್ ಹಾಕಿ, ಹಾರಲು ಅನುಮತಿಯ ಎಡಿಸಿ ನಂಬರ್, ಎಫ್‌ಐಸಿ ನಂಬರ್ ಕೈಗೆ ಬರುವಷ್ಟರಲ್ಲಿ ಬೆಳಗು ಕಳೆದಿರುತ್ತದೆ. ಅಷ್ಟು ಒದ್ದಾಡಿ ಪಡೆದದ್ದನ್ನು ಬಿಡಲು ಮನಸ್ಸು ಬರುವುದಿಲ್ಲ. ಮುಂದೆ ಚಾರ್ಟರ್ ಕೆಲಸಕ್ಕೆ ಸೇರಿದರೆ ಹಿಂದಿನ ಸೀಟಿನಲ್ಲಿ ಮಂತ್ರಿಯೋ, ಸಿನಿಮಾದವರೋ, ಮುಹೂರ್ತಕ್ಕೆ ಹೊರಟ ಮದುವೆ ಮನೆಯವರೋ ಕೂತಿರುತ್ತಾರೆ. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 1997ರಲ್ಲಿ ಹೆಲಿಕಾಪ್ಟರ್ ಕಂಪನಿ ಶುರುಮಾಡಿದಾಗ ಇದೆಲ್ಲ ಹೊಸದು. ಈಗ ಚುನಾವಣೆ ಬಂದರೆ ಊರೂರ ಶಾಲೆ ಮೈದಾನದಲ್ಲಿ ಹೆಲಿಪ್ಯಾಡ್. 2023ರ ಮಾರ್ಚಿಯಲ್ಲಿ ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯುವಾಗ ಪ್ಲಾಸ್ಟಿಕ್ ಹಾಳೆಗಳು ಎದ್ದು ಹಾರಿದವು, ಪೈಲಟ್ ಇಳಿಸದೆ ಮೇಲೆತ್ತಿ, ಜಾಗ ಹಸನಾದ ಮೇಲೆ ಇಳಿಸಿದರು. ಎರಡು ತಿಂಗಳಾಗುವಷ್ಟರಲ್ಲಿ, ಮೇ 2ರಂದು, ಮುಳಬಾಗಿಲಿಗೆ ಹೊರಟಿದ್ದ ಡಿ.ಕೆ. ಶಿವಕುಮಾರ್ ಅವರ ಹೆಲಿಕಾಪ್ಟರಿನ ಗಾಜಿಗೆ ಹೊಸಕೋಟೆ ಹತ್ತಿರ ಹದ್ದು ಬಡಿದು ಗಾಜು ಒಡೆಯಿತು. ಪೈಲಟ್ ಎಚ್‌ಎಎಲ್‌ಗೆ ತಂದು ಇಳಿಸಿದರು. ಆ ದಿನದ ಸಭೆಗೆ ಹೆಲಿಕಾಪ್ಟರ್ ಹೋಗಲಿಲ್ಲ, ಅಷ್ಟೇ. ಇಬ್ಬರೂ ನಾಯಕರು ಆಮೇಲೆ ಎಷ್ಟೋ ಸಭೆ ಮಾಡಿದರು. ಹಿಂದಿನ ಸೀಟಿನವರು ಮುಖ ಗಂಟಿಕ್ಕಿದರೆ ಇದನ್ನು ನೆನೆದುಕೊ.

ತಿರುಗು ತಿರುಗು ಎಂದು ಇಷ್ಟು ಹೇಳಿದವನು ಒಂದು ಕಡೆ ಮಾತ್ರ ತಿರುಗಬೇಡ ಎನ್ನುತ್ತೇನೆ. ರನ್‌ವೇ ಬಿಟ್ಟು ಏಳುತ್ತಿದ್ದಂತೆಯೇ ಎಂಜಿನ್ ನಿಂತರೆ ಹಿಂದಿನ ರನ್‌ವೇಗೆ ಮರಳುವ ಆಸೆ ಬೇಡ. ಎತ್ತರವಿಲ್ಲದೆ ವೇಗವಿಲ್ಲದೆ ತಿರುಗಿದರೆ ರೆಕ್ಕೆ ಹಿಡಿತ ಬಿಟ್ಟು ವಿಮಾನ ಕಲ್ಲಾಗುತ್ತದೆ. ಮೂಗು ಇಳಿಸಿ, ಎದುರಿಗೆ ಏನಿದೆಯೋ ಅದರಲ್ಲೇ ಮೆತ್ತಗಿನ ಜಾಗ ನೋಡಿ ಇಳಿಸು. ಕೆಳಗಿನ ಎತ್ತರದಲ್ಲಿ ಕಾಲಾವಕಾಶ ಎಷ್ಟು ಕಡಿಮೆ ಎಂದು ನಮ್ಮ ಮುಳಬಾಗಿಲಿನ ಹುಡುಗಿ, ಸಿನಿಮಾ ನಟಿ ಸೌಂದರ್ಯ ಹೋದಾಗ ಕರ್ನಾಟಕಕ್ಕೆಲ್ಲ ಗೊತ್ತಾಯಿತು. 2004ರ ಏಪ್ರಿಲ್ 17, ನೀನು ಕಲಿತ ಅದೇ ಜಕ್ಕೂರು. ಕರೀಂನಗರಕ್ಕೆ ಹೊರಟ ಸೆಸ್ನಾ 180 ಎದ್ದ ಕೆಲವೇ ಕ್ಷಣಕ್ಕೆ ಪಕ್ಕದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿದ್ದು ಸುಟ್ಟುಹೋಯಿತು. ಅಣ್ಣ ಅಮರನಾಥ್ ಸೇರಿ ನಾಲ್ವರೂ ಉಳಿಯಲಿಲ್ಲ.

ಈಗ ನನ್ನ ಕಸುಬಿನ ಮಾತು. ಕಾರ್ಬುರೇಟರ್ ಇರುವ ಎಂಜಿನ್ನಿಗೆ ನಮ್ಮ ಮಲೆನಾಡಿನ ಹವೆ ಒಂದು ಬಲೆ. ಹೊರಗೆ 20 ಡಿಗ್ರಿ, ಹಿತವಾದ ತಂಪು, ಗಾಳಿಯಲ್ಲಿ ಪಸೆ. ಇಲ್ಲಿ ಎಲ್ಲಿಯ ಹಿಮ ಎಂದುಕೊಳ್ಳುತ್ತೀಯ. ಆದರೆ ಕಾರ್ಬುರೇಟರಿನ ಕೊರಳಲ್ಲಿ ಪೆಟ್ರೋಲ್ ಆವಿಯಾಗುವಾಗ, ಗಾಳಿಯ ಒತ್ತಡ ಇಳಿಯುವಾಗ, ಅಲ್ಲಿಯ ಉಷ್ಣತೆ 20 ಡಿಗ್ರಿಗಿಂತಲೂ ಹೆಚ್ಚು ಕುಸಿಯಬಲ್ಲದು. ಪಸೆ ಅಲ್ಲೇ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಆರ್‌ಪಿಎಂ ಸದ್ದಿಲ್ಲದೆ ಇಳಿಯುತ್ತದೆ. ಆಗ ಕಾರ್ಬ್ ಹೀಟ್ ಪೂರ್ತಿ ಎಳೆ. ಕರಗಿದ ನೀರು ಒಳಗೆ ಹೋಗುವುದರಿಂದ ಎಂಜಿನ್ ಮೊದಲಿಗೆ ಇನ್ನೂ ಕೆಮ್ಮುತ್ತದೆ, ಅದುರುತ್ತದೆ. ಹೊಸಬರು ಇಲ್ಲೇ ಹೆದರಿ ಗುಬ್ಬಿಯನ್ನು ಮತ್ತೆ ಒಳಕ್ಕೆ ತಳ್ಳುತ್ತಾರೆ. ತಳ್ಳಬೇಡ, ಕೆಮ್ಮಲು ಬಿಡು, ಗಂಟಲು ಸರಿಯಾಗುತ್ತದೆ. ಕೆಳಗೆ ಕಾಡಿರುವಾಗ ಆ ಅರ್ಧ ನಿಮಿಷ ಕಾಯುವುದು ಕಷ್ಟ, ನನಗೆ ಗೊತ್ತು.

ಅಷ್ಟಾಗಿಯೂ ಎಂಜಿನ್ ನಿಂತಿತು ಅನ್ನು. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಎದ್ದ ತರಬೇತಿ ವಿಮಾನವೊಂದು ಕೆಟ್ಟು ಹೊನ್ನಿಹಾಳದ ಹೊಲದಲ್ಲಿ ಇಳಿಯಿತು, ಇಬ್ಬರಿಗೂ ಸಣ್ಣಪುಟ್ಟ ಗಾಯ. ಬಯಲುಸೀಮೆಯ ಭಾಗ್ಯ ಅದು, ಎಲ್ಲಿ ನೋಡಿದರೂ ಹೊಲ. ಎರಡು ದಿನ ಕಳೆದು ಚಾಮರಾಜನಗರದ ಭೋಗಾಪುರದ ಬಳಿ ವಾಯುಪಡೆಯ ಕಿರಣ್ ಬಿದ್ದಾಗ ಇಬ್ಬರು ಪೈಲಟ್‌ಗಳೂ ಸೀಟು ಸಮೇತ ಚಿಮ್ಮಿ ಉಳಿದರು. ನಿನ್ನ ಸೆಸ್ನಾದಲ್ಲಿ ಆ ಅನುಕೂಲ ಇಲ್ಲ. ನಮ್ಮ ಸೀಮೆಯಲ್ಲಿ ತೋಟ ಮೇಲಿನಿಂದ ಮೆತ್ತಗಿನ ಹಸಿರು ಹಾಸಿದ ಹಾಗೆ ಕಾಣುತ್ತದೆ. ಅದರೊಳಗೆ ನೆಟ್ಟಗೆ ನಿಂತ ಸಿಲ್ವರ್ ಮರ, ಅತ್ತಿ ಮರ. ಗದ್ದೆ ವಾಸಿ. ಜನವರಿಯಿಂದ ಮೇವರೆಗೆ ಕೊಯ್ಲಾದ ಒಣ ಗದ್ದೆ ಸಿಕ್ಕಿದರೆ ಬದುವಿನ ಉದ್ದಕ್ಕೆ ಇಳಿ, ಬದುವಿಗೆ ಅಡ್ಡ ಬೇಡ. ಆಷಾಢ ಶ್ರಾವಣದಲ್ಲಿ ನಾಟಿ ಗದ್ದೆಯ ಕೆಸರಿಗೆ ಮೂಗಿನ ಚಕ್ರ ಹೂತರೆ ವಿಮಾನ ಮಗುಚುತ್ತದೆ. ಆದರೂ ಮರಕ್ಕಿಂತ ಅದೇ ಮೇಲು. ಕಣಿವೆಗೆ ಅಡ್ಡ ತಂತಿ ಇದೆಯೇ ಎಂದು ತಂತಿಯನ್ನು ಹುಡುಕಬೇಡ, ಅದು ಕಾಣುವುದಿಲ್ಲ. ಎರಡೂ ದಡದ ಗೋಪುರ ಹುಡುಕು. ಉಡುಪಿ ಕಡೆಯ ಉಷ್ಣ ಸ್ಥಾವರದಿಂದ ಶಾಂತಿಗ್ರಾಮಕ್ಕೆ ಬರುವ 400 ಕೆ.ವಿ. ಮಾರ್ಗ ಈ ಘಟ್ಟ ಹತ್ತಿಯೇ ಬರುತ್ತದೆ. ರಸ್ತೆ ನೋಡಿಕೊಂಡು ಕೆಳಗೆ ಹಾರುತ್ತೇನೆ ಎನ್ನುವವರಿಗೆ ಇದೊಂದೇ ಸಾಕು.

ಬಿದ್ದು ಉಳಿದರೆ? ಹೊರಡುವ ಮೊದಲು ವಿಮಾನದ ಇಎಲ್‌ಟಿ, ಅಂದರೆ ಬಿದ್ದಾಗ ತುರ್ತು ಕೂಗು ಕಳಿಸುವ ಪೆಟ್ಟಿಗೆ, 406 ಮೆಗಾಹರ್ಟ್ಸ್‌ನದೇ, ಅದರ ಬ್ಯಾಟರಿ ತಾರೀಕು ಮುಗಿದಿಲ್ಲವೇ, ಅದು ನೋಂದಣಿಯಾಗಿದೆಯೇ ನೋಡು. ಹಳೆಯ 121.5ರ ಕೂಗನ್ನು ಉಪಗ್ರಹಗಳು ಕೇಳಿಸಿಕೊಳ್ಳುವುದನ್ನು 2009ರ ಫೆಬ್ರವರಿ 1ರಿಂದಲೇ ನಿಲ್ಲಿಸಿವೆ. 406ರ ಕೂಗು ಬಂದು ಮುಟ್ಟುವುದು ಬೆಂಗಳೂರಿಗೇ, ಇಸ್ರೋದ ಇಸ್ಟ್ರಾಕ್‌ನಲ್ಲಿರುವ ಕೇಂದ್ರಕ್ಕೆ. ನೋಂದಣಿ ಇದ್ದರೆ ಯಾರ ವಿಮಾನ, ಯಾರಿಗೆ ಫೋನ್ ಮಾಡಬೇಕು ಎಂದು ಅವರಿಗೆ ಕೂಡಲೇ ತಿಳಿಯುತ್ತದೆ. ಆಮೇಲೆ ವಿಮಾನದ ಹತ್ತಿರವೇ ಇರು. ಹಳ್ಳ ಹಿಡಿದು ಕೆಳಗೆ ನಡೆದರೆ ಊರು ಸಿಗುತ್ತದೆ ಎಂಬ ಮಾತು ಬಿಸಿಲೆಯಲ್ಲಿ ನಡೆಯದು, ಇಲ್ಲಿ ಹಳ್ಳ ನಿನ್ನನ್ನು ಜಲಪಾತದ ತುದಿಗೆ ಕರೆದೊಯ್ಯುತ್ತದೆ. ರಾತ್ರಿ ಹೊರಗೆ ತಿರುಗಬೇಡ. ದಸರಾ ಅಂಬಾರಿ ಹೊತ್ತ ಆನೆ ಅರ್ಜುನನೇ 2023ರ ಡಿಸೆಂಬರ್ 4ರಂದು ಯಸಳೂರು ಕಡೆಯ ಕಾಡಿನಲ್ಲಿ ಕಾಡಾನೆಯ ಕಾದಾಟದಲ್ಲಿ ಸತ್ತ.

ಅದೇ ವರ್ಷ ಮೇ 1ರಂದು ಕೊಲಂಬಿಯಾದ ಅಮೆಜಾನ್ ಕಾಡಿನಲ್ಲಿ ಸೆಸ್ನಾ 206 ಬಿತ್ತು. ದೊಡ್ಡವರು ಮೂವರೂ ತೀರಿಹೋದರು, ತಾಯಿಯೂ. 13 ವರ್ಷದ ಹುಡುಗಿ ಮೂವರು ತಮ್ಮ ತಂಗಿಯರನ್ನು, ಅದರಲ್ಲಿ ಒಂದು ಕೈಗೂಸು, 40 ದಿನ ಕಾಡಿನಲ್ಲಿ ಬದುಕಿಸಿದಳು. ಅವರು ಅತ್ತಿತ್ತ ಅಲೆಯುತ್ತಿದ್ದದ್ದರಿಂದ ವಿಮಾನ ಸಿಕ್ಕ ಮೇಲೂ ಮಕ್ಕಳು ಸಿಗುವುದು ವಾರಗಟ್ಟಲೆ ತಡವಾಯಿತು. ಹುಡುಕುವವರು ಹೆಲಿಕಾಪ್ಟರಿನಿಂದ ಅವರ ಅಜ್ಜಿಯ ಧ್ವನಿಯನ್ನೇ ಮೈಕಿನಲ್ಲಿ ಹಾಕಿದರು, ಇದ್ದಲ್ಲೇ ಇರಿ ಮಕ್ಕಳೇ ಎಂದು, ಅವರ ಬುಡಕಟ್ಟಿನ ಮಾತಿನಲ್ಲಿ. ಯಾವ ಹಣ್ಣು ತಿನ್ನಬೇಕು, ಯಾವುದು ಬೇಡ ಎಂದು ಆ ಹುಡುಗಿಗೆ ಹಿರಿಯರು ಕಲಿಸಿದ್ದರು. ನಿನಗೆ ನಾನು ಕಲಿಸಿದ್ದು ಜಿಗಣೆಗೆ ಸುಣ್ಣ ಹಚ್ಚುವುದೊಂದೇ. ಅದಕ್ಕೇ ಬೆನ್ನುಚೀಲದಲ್ಲಿ ಸೀಟಿ, ಕನ್ನಡಿ, ಬೆಂಕಿಪೊಟ್ಟಣ, ಕಿತ್ತಳೆ ಬಣ್ಣದ ಬಟ್ಟೆ, ನೀರು ಇರಲಿ. ಚೀಲ ಹಿಂದಿನ ಡಿಕ್ಕಿಯಲ್ಲಲ್ಲ, ಕೈಗೆ ಸಿಗುವ ಕಡೆ. ಹೆತ್ತೂರು, ಬಿಸಿಲೆ ಕಡೆ ಮೊಬೈಲ್ ನೆಟ್‌ವರ್ಕ್ ನಂಬಬೇಡ.

ಕೊನೆಗೆ ಆ ಸುತ್ತಿನ ವಿಷಯ. ಸ್ವಂತ ಮನೆಯ ಮೇಲೆ, ಗೆಳೆಯರ ಮೇಲೆ, ತಗ್ಗಿನಲ್ಲಿ ಸುತ್ತು ಹಾಕುವಾಗ ಬಿದ್ದವರು ಪ್ರಪಂಚದ ಎಲ್ಲ ದೇಶದಲ್ಲೂ ಇದ್ದಾರೆ. ಕಣ್ಣು ಕೆಳಗೆ ಅಂಗಳದಲ್ಲಿರುತ್ತದೆ, ಕೈ ತಿರುವನ್ನು ಬಿಗಿ ಮಾಡುತ್ತಿರುತ್ತದೆ, ವೇಗ ಇಳಿದದ್ದು ಗೊತ್ತಾಗುವುದಿಲ್ಲ. ನಮ್ಮ ತೋಟ ಮೂರು ಕಡೆ ಗುಡ್ಡದ ನಡುವೆ ಇದೆ. ಆದ್ದರಿಂದ ಸುತ್ತು ಬೇಡ. ಹಾಸನದ ಭುವನಹಳ್ಳಿಯಲ್ಲಿ ವಿಮಾನ ನಿಲ್ದಾಣ ನನ್ನ ಕೂದಲು ಕಪ್ಪಗಿದ್ದ ಕಾಲದಿಂದ ಆಗುತ್ತಲೇ ಇದೆ, ಅದು ಆದ ದಿನ ಅಲ್ಲೇ ಇಳಿ, ನಾನು ಅಜ್ಜಿಯನ್ನು ಕರೆದುಕೊಂಡು ಬರುತ್ತೇನೆ. ಅಲ್ಲಿಯವರೆಗೆ ನೀನು ಮೇಲೆ ಎತ್ತರದಲ್ಲಿ ನೇರ ಹೋಗು. ಸದ್ದು ಕೇಳಿದರೆ ಸಾಕು, ಅವಳು ಅಂಗಳಕ್ಕೆ ಬರುತ್ತಾಳೆ.

ದಾಟುವುದಾದರೆ ಡಿಸೆಂಬರಿನಿಂದ ಮಾರ್ಚಿ ನಡುವೆ, ಕಣಿವೆಯ ಮಂಜು ಕರಗಿದ ಮೇಲೆ, ಹೂಮಳೆಯ ಕಾಲವಾದರೆ ಮಧ್ಯಾಹ್ನದ ಗುಡುಗು ಕಟ್ಟುವ ಮೊದಲು ದಾಟು. ಆರಿದ್ರದಿಂದ ಆಶ್ಲೇಷದವರೆಗೆ ಈ ಕಡೆ ತಲೆ ಹಾಕಬೇಡ. ಹೊರಟ ದಿನ ಹಾಸನ ದಾಟಿದಾಗ ಎದುರಿನ ಏಣು ಸ್ಪಷ್ಟ ಕಾಣದಿದ್ದರೆ ಜಕ್ಕೂರಿಗೆ ವಾಪಸ್ ಹೋಗು. ಮಂಗಳೂರಿನಿಂದ ಬರುವಾಗ ಗುಂಡ್ಯದ ಮೇಲೆ ಬಿಳಿ ಕಂಡರೆ ಮಂಗಳೂರಿಗೇ ತಿರುಗು. ವಿಮಾನವನ್ನು ಅಲ್ಲೇ ಕಟ್ಟಿಹಾಕಿ ಸರ್ಕಾರಿ ಬಸ್ಸು ಹತ್ತಿ ಬಾ. ಶಿರಾಡಿ ಘಾಟಿ ಕುಸಿದು ಬಸ್ಸೂ ನಿಂತಿದ್ದರೆ ಚಾರ್ಮಾಡಿ ಮೇಲೆ ಬಾ, ಮೂಡಿಗೆರೆಗೆ ನಾನೇ ಜೀಪು ತರುತ್ತೇನೆ.